ಮಳೆಗೆ ಲೆಕ್ಕವಿದೆ, ಜೀಪಿಗಿಲ್ಲ

ಹುದಿಕೇರಿಯ ಸುತ್ತಮುತ್ತ ಕಾಫಿ ಬೆಳೆಯುವವರ ಮನೆಗಳಲ್ಲಿ ಮಳೆಯ ಲೆಕ್ಕ ಇಡುವುದು ಹಳೆಯ ರೂಢಿ. ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋದ ಮೇಲೂ ಕೊಡಗಿನ ತೋಟದವರು ಸೆಂಟನ್ನು ಬಿಟ್ಟುಕೊಟ್ಟಿಲ್ಲ. ಹೂಮಳೆ ಯಾವತ್ತು ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂಬುದಕ್ಕೆ ಅಜ್ಜನ ಕಾಲದ ಪುಸ್ತಕ ತೆಗೆದು ತೋರಿಸುವವರಿದ್ದಾರೆ. ಆಳುಗಳ ಹಾಜರಿಗೆ ಚೆಕ್‌ರೋಲ್ ಇದೆ, ಗೊಬ್ಬರಕ್ಕೆ ಬೇರೆ ಲೆಕ್ಕ. ಅದೇ ಮನೆಯ ಶೆಡ್ಡಿನಲ್ಲಿ ನಿಂತ ಜೀಪಿಗೆ ಬ್ರೇಕ್ ಆಯಿಲ್ ಹಾಕಿಸಿದ್ದು ಯಾವಾಗ ಎಂದು ಕೇಳಿ ನೋಡಿ. ‘ಮೊನ್ನೆ ತಾನೇ ಮಾಡಿಸಿದ್ದಲ್ಲ’ ಎನ್ನುತ್ತಾರೆ. ಆ ಮೊನ್ನೆಗೆ ಮೂರು ಮಳೆಗಾಲ ಕಳೆದಿರಬಹುದು.

ಸೋಮಾರಿತನ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಸೋಮಾರಿಗಳು ಜುಲೈ ತಿಂಗಳ ಬೆಳಿಗ್ಗೆ ಕೊಡೆ ಹಿಡಿದು ಮಳೆ ಅಳೆಯಲು ಅಂಗಳಕ್ಕೆ ಇಳಿಯುವುದಿಲ್ಲ. ಇವತ್ತಿನ ಮಳೆಯನ್ನು ಇವತ್ತೇ ಬರೆಯದಿದ್ದರೆ ನಾಳೆ ಹೇಳುವವರು ಯಾರೂ ಇಲ್ಲ ಎಂಬುದು ಅವರಿಗೆ ಗೊತ್ತು. ಗಾಡಿಯ ವಿಷಯವಾದರೆ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ ಎಂಬ ಧೈರ್ಯ. ಈ ಧೈರ್ಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಯೋಚಿಸಬೇಕು.

ಆಧಾರವೇ ಇಲ್ಲ ಎಂದರೆ ತಪ್ಪಾಗುತ್ತದೆ. ಪೊನ್ನಂಪೇಟೆ, ಗೋಣಿಕೊಪ್ಪದಂಥ ಊರುಗಳಲ್ಲಿ ಗಾಡಿ ವರ್ಕ್‌ಶಾಪಿನ ಗೇಟು ದಾಟುವ ಮೊದಲೇ ಸದ್ದು ಕೇಳಿ ‘ಬೇರಿಂಗ್ ಹೋಗಿದೆ’ ಎನ್ನುವ ಕಿವಿಗಳಿವೆ. ಅಂಥವರ ಮುಂದೆ ನೋಟ್‌ಬುಕ್ ಬಿಚ್ಚುವುದು ವೈದ್ಯನ ಎದುರು ಗೂಗಲ್ ತೆರೆದಂತೆ ಎಂದು ಕೆಲವರಿಗೆ ಸಂಕೋಚವೂ ಆಗಬಹುದು. ಆದರೆ ಸದ್ದು ಹೇಳುವುದು ಕೆಟ್ಟಿರುವುದನ್ನು. ಸದ್ದು ಮಾಡದೆ ಅವಧಿ ಮುಗಿಸಿಕೊಂಡದ್ದನ್ನು ಯಾವ ಕಿವಿಯೂ ಹಿಡಿಯಲಾರದು. ಬ್ರೇಕ್ ಆಯಿಲ್ಲೇ ಇದಕ್ಕೆ ಸರಿಯಾದ ಸಾಕ್ಷಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರಿನಲ್ಲಿ ಈ ತೇವ ಎಲ್ಲಿಂದ ಬರುತ್ತದೆ ಎಂದು ವಿವರಿಸಬೇಕಾಗಿಲ್ಲ.

ಈಗ ಹುದಿಕೇರಿಯಿಂದ ಹೊರಟ ಒಂದು ಕಾರನ್ನು ಯೋಚಿಸಿ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ವಿರಾಜಪೇಟೆ, ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿಯುವ ಕೆಲಸ ಹೆಚ್ಚಾಗಿದೆ. ಮನೆಯ ಸುತ್ತ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಪೇಟೆಗೆ ಹೋಗಿ ಬಂದರೂ ಏನೂ ಗೊತ್ತಾಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಇಳಿಯುವಾಗ ಬಿಸಿ ಏರಿ, ಒಳಗಿನ ನೀರು ಆವಿಯಾಗಿ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಹಿಂದಿನ ದಿನ ಎಂಥ ಪಳಗಿದ ಮೆಕ್ಯಾನಿಕ್ ಓಡಿಸಿ ನೋಡಿದ್ದರೂ ‘ಬ್ರೇಕ್ ಸರಿಯಿದೆ’ ಎಂದೇ ಹೇಳುತ್ತಿದ್ದ. ಅವನು ಹೇಳಿದ್ದು ಸುಳ್ಳೂ ಆಗುತ್ತಿರಲಿಲ್ಲ. ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲು ಹೇಳುವುದು ಈ ಕಾರಣಕ್ಕೆ. ಎರಡು ವರ್ಷ ಆಯಿತೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡಲು ಬರೆದಿಟ್ಟ ತಾರೀಖು ಬೇಕು.

ತಾರೀಖು ಎಂದೆ, ಕಿಲೋಮೀಟರ್ ಎನ್ನಲಿಲ್ಲ. ನಮ್ಮಲ್ಲಿ ಲೆಕ್ಕ ಇಡುವವರೂ ಎಡವುವುದು ಇಲ್ಲೇ. ಸರ್ವೀಸ್ ಪುಸ್ತಕದಲ್ಲಿ ಇಷ್ಟು ಸಾವಿರ ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ನೆನಪಿನಲ್ಲಿ ಉಳಿಯುವುದು ಮೊದಲರ್ಧ ಮಾತ್ರ. ತೋಟದ ಜೀಪು ಕಿಲೋಮೀಟರಿನ ಲೆಕ್ಕದಲ್ಲಿ ಓಡುವುದೇ ಕಡಿಮೆ. ಕಣದಿಂದ ಗೋಡೌನಿಗೆ, ಗೇಟಿನಿಂದ ಲೈನ್‌ಮನೆಗೆ, ಲೋ ಗೇರಿನಲ್ಲಿ, ಕೆಸರಿನಲ್ಲಿ, ಮೂಟೆ ಹೇರಿಕೊಂಡು. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್. ಹೀಗೆ ತುಂಡು ತುಂಡಾಗಿ ಓಡುವ ಎಂಜಿನ್ನಿನಲ್ಲಿ ಆಯಿಲ್‌ಗೆ ಸೇರಿದ ನೀರು, ಇಂಧನ ಹೊರಗೆ ಹೋಗಲು ದಾರಿಯೇ ಇಲ್ಲ. ಮೀಟರ್ ಮಾತ್ರ ‘ಇನ್ನೂ ಬೇಕಾದಷ್ಟಿದೆ’ ಎನ್ನುತ್ತಿರುತ್ತದೆ. ಟ್ರ್ಯಾಕ್ಟರ್ ಮಾಡುವವರು ಇದನ್ನು ಎಂದೋ ಅರಿತು ಗಂಟೆಯ ಮೀಟರ್ ಕೂರಿಸಿದರು. ಜೀಪಿಗೆ ಆ ಭಾಗ್ಯವಿಲ್ಲ. ಹಾಗಾಗಿ ಇಲ್ಲಿಯ ಗಾಡಿಗೆ ಮಳೆಗಾಲವೇ ಅಳತೆಗೋಲಾಗಬೇಕು: ಮೇ ಕೊನೆಯೊಳಗೆ ಬ್ರೇಕ್, ವೈಪರ್, ಬ್ಯಾಟರಿ, ಮಳೆ ಇಳಿದ ಮೇಲೆ ಗೇರ್ ಆಯಿಲ್, ಆಕ್ಸಲ್, ಗ್ರೀಸ್, ಅಡಿಯ ತುಕ್ಕು. ನೀರಿನಲ್ಲಿ ಮುಳುಗಿ ಎದ್ದ ಆಕ್ಸಲ್ಲಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುವುದನ್ನು ಆಗ ನೋಡಬಹುದು. ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ ಹೇಗೂ ಕೋವಿ ಒರೆಸಿ ಪೂಜೆಗೆ ಇಡುತ್ತಾರೆ. ಆ ವಾರವೇ ಜೀಪಿನ ಅಡಿಗೂ ಒಬ್ಬರು ಇಳಿದರೆ ಹಬ್ಬಕ್ಕೇನೂ ಕುಂದಾಗದು.

ಇನ್ನೊಂದು ತೊಡಕು, ಗಾಡಿ ಒಬ್ಬರದಾದರೂ ಕೈ ಹಲವರದು. ಅಪ್ಪ ಓಡಿಸುತ್ತಾರೆ, ಡ್ರೈವರ್ ಓಡಿಸುತ್ತಾನೆ, ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಮೂರು ದಿನ ತಿರುಗುತ್ತಾನೆ. ಡ್ರೈವರ್ ಮಾಡಿಸಿದ್ದಾನೆಂದು ಅಪ್ಪ ಸುಮ್ಮನಿರುತ್ತಾರೆ, ಸಾಹುಕಾರರು ಮಾಡಿಸಿದ್ದಾರೆಂದು ಡ್ರೈವರ್. ಎಲ್ಲ ತಿಳಿದ ಮೆಕ್ಯಾನಿಕ್ ವರ್ಕ್‌ಶಾಪ್ ಮುಚ್ಚಿ ಬೇರೆ ಊರಿಗೆ ಹೊರಟರೆ ಹತ್ತು ಮನೆಯ ಗಾಡಿಗಳ ಚರಿತ್ರೆ ಅವನ ತಲೆಯೊಳಗೇ ಬಸ್ಸು ಹತ್ತುತ್ತದೆ.

ಏನು ಬರೆಯಬೇಕು? ಕಡಿಮೆ. ತಾರೀಖು, ಮೀಟರ್, ಮಾಡಿದ ಕೆಲಸ, ಮಾಡಿದವರು. ಬೇಕಾದರೆ ಖರ್ಚು. ಇಪ್ಪತ್ತು ಕಾಲಮ್ಮಿನ ಚಂದದ ರಿಜಿಸ್ಟರ್ ಹಾಕಿಕೊಂಡವರು ಎರಡನೇ ಪುಟದಲ್ಲೇ ಕೈಬಿಡುವುದು ಸಹಜ. ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ನಮೂದು ರಿಪೇರಿಯದ್ದಲ್ಲ, ಅನುಮಾನದ್ದು. ‘ಎರಡನೇ ಗೇರಿನಲ್ಲಿ ಸಣ್ಣ ಕಟಕಟ, ಸದ್ಯ ಬಿಟ್ಟಿದೆ’ ಎಂಬ ಒಂದು ಸಾಲು ಆರು ತಿಂಗಳ ನಂತರ ಮೆಕ್ಯಾನಿಕ್‌ಗೆ ಕೊಡುವ ಸುಳಿವನ್ನು ಯಾವ ಬಿಲ್ಲೂ ಕೊಡದು. ಬಿಲ್ಲುಗಳ ಮಾತು ಬಂತಲ್ಲ: ಈಗಿನ ತೆಳು ಥರ್ಮಲ್ ಕಾಗದದ ಅಕ್ಷರ ಡ್ಯಾಶ್‌ಬೋರ್ಡಿನಲ್ಲಿ ಬೇಸಿಗೆಯ ಬಿಸಿಗೆ ಅಳಿಸಿಹೋಗುತ್ತದೆ, ಉಳಿದದ್ದನ್ನು ಮಳೆಗಾಲ ನೋಡಿಕೊಳ್ಳುತ್ತದೆ. ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕೆ ಈ ಎರಡೂ ಭಯವಿಲ್ಲ.

ಕಂಪನಿಯ ಸರ್ವೀಸ್ ಸೆಂಟರಿನವರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಡುತ್ತಾರಲ್ಲ ಎನ್ನಬಹುದು. ಇಡುತ್ತಾರೆ, ತಮಗಾಗಿ. ವಾರಂಟಿ ಮುಗಿದು ಗಾಡಿ ಊರಿನ ವರ್ಕ್‌ಶಾಪಿಗೆ ಬಂದ ದಿನ ಆ ದಾಖಲೆಯ ಎಳೆ ತುಂಡಾಗುತ್ತದೆ. ಕೈ ಬದಲಾಗುವಾಗಲಂತೂ ಕೇಳುವುದೇ ಬೇಡ. ಮಾರುವವರು, ಕೊಳ್ಳುವವರು ಸಹಿ ಹಾಕುವ ಫಾರಂ 29, 30ರಲ್ಲಿ ಈ ಗಾಡಿಗೆ ಇದುವರೆಗೆ ಏನಾಗಿದೆ ಎಂದು ಕೇಳುವ ಜಾಗವೇ ಇಲ್ಲ. ಹಿಂದಕ್ಕೆ ತಿರುಗಿಸಿದ ಮೀಟರಿನ ಮೇಲೆ ಸೆಕೆಂಡ್ ಹ್ಯಾಂಡ್ ವ್ಯಾಪಾರ ಸರಾಗ ನಡೆಯುವುದಕ್ಕೆ ಇದೇ ಅನುಕೂಲ.

ಜಪಾನಿನಲ್ಲಿ ನಿರ್ವಹಣೆಯ ದಾಖಲೆ ಪುಸ್ತಕ ಗಾಡಿಯಲ್ಲೇ ಇರಬೇಕೆಂಬುದು ಕಾನೂನು. ಹೊಸ ಕಾರಿಗೆ ಮೂರನೇ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ ಸರಕಾರಿ ತಪಾಸಣೆ. ಬ್ರಿಟನ್ನಿನಲ್ಲಿ 1960ರಲ್ಲಿ ಶುರುವಾದ ಎಂ.ಓ.ಟಿ. ಪರೀಕ್ಷೆಯ ಫಲಿತಾಂಶವನ್ನು, ಮೀಟರ್ ರೀಡಿಂಗ್ ಸಮೇತ, ನಂಬರ್ ಪ್ಲೇಟ್ ಗೊತ್ತಿದ್ದ ಯಾರಾದರೂ ಇಂದು ನೋಡಬಹುದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅಲ್ಲಿಯವರೆಗೆ ಫಿಟ್‌ನೆಸ್ ಕೇಳುವವರಿಲ್ಲ.

ಹಾಗಾದರೆ ಇಲ್ಲಿಯೂ ಕಡ್ಡಾಯ ಮಾಡಿಬಿಡೋಣವೇ? ನನಗೆ ಆ ಉತ್ಸಾಹವಿಲ್ಲ. ಕಡ್ಡಾಯವಾದ ಕಾಗದ ನಮ್ಮಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸುವ ವಸ್ತುವಾಗಿಬಿಡುತ್ತದೆ. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಮೂವತ್ತು ದಿನದ ಲಾಗ್ ಬುಕ್ ತುಂಬುವ ಕಲೆ ಬಲ್ಲವರಿಗೆ ಇನ್ನೊಂದು ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ಬೆಲ್ಜಿಯಂ 2006ರಿಂದ ನಡೆಸಿಕೊಂಡು ಬಂದ ‘ಕಾರ್-ಪಾಸ್’ ವ್ಯವಸ್ಥೆ ಜಾಣತನದ್ದು. ಗ್ಯಾರೇಜಿನವರು ಮುಖ್ಯವಾಗಿ ಕಳುಹಿಸಬೇಕಾದದ್ದು ಗಾಡಿ ಬಂದ ದಿನದ ಮೀಟರ್ ರೀಡಿಂಗ್; ಮಾರುವಾಗ ಆ ಸಂಖ್ಯೆಗಳ ಪಟ್ಟಿ ಕೊಡಲೇಬೇಕು. ಎಮಿಷನ್ ಟೆಸ್ಟಿಗಾಗಿ ನಮ್ಮ ಗಾಡಿಗಳು ಹೇಗೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನಿಲ್ಲುತ್ತವೆ. ಅಲ್ಲಿ ಹಿಡಿದ ಮೀಟರ್ ರೀಡಿಂಗ್ ಎಲ್ಲರಿಗೂ ಕಾಣುವಂತಾದರೆ ಸಾಕು, ಕಾನೂನು ಅಷ್ಟಕ್ಕೆ ನಿಲ್ಲಲಿ. ಉಳಿದದ್ದು ಮಾಲೀಕನ ಪುಸ್ತಕಕ್ಕೆ ಸೇರಿದ್ದು.

ಅಂಥ ಪುಸ್ತಕ ಮನೆಮನೆಯಲ್ಲಿ ಇಲ್ಲದಿರುವುದರ ಬೆಲೆಯನ್ನು ನಾವು ಈಗಾಗಲೇ ಕಟ್ಟುತ್ತಿದ್ದೇವೆ. ದಿಲ್ಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ರಸ್ತೆಗಿಳಿಯಬಾರದು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರ ಏಪ್ರಿಲ್‌ನಲ್ಲಿ ದೇಶದ ಬಹುತೇಕ ಕಡೆ ಹದಿನೈದು ವರ್ಷದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಗಾಡಿ ಹೇಗಿದೆ ಎಂದು ಕೇಳುವ ಮೊದಲು ವಯಸ್ಸೆಷ್ಟು ಎಂದು ಕೇಳುವುದೇ ಇದರ ಹಿಂದಿನ ತರ್ಕ. ತರ್ಕ ಒರಟು ನಿಜ, ಆದರೆ ಎಲ್ಲ ಗಾಡಿಗೂ ಸಮನಾಗಿ ಸಿಗುವ ದಾಖಲೆ ಆರ್.ಸಿ.ಯಲ್ಲಿರುವ ವಯಸ್ಸೊಂದೇ ಆದಾಗ ಆಡಳಿತ ಅದನ್ನಲ್ಲದೆ ಬೇರೇನನ್ನು ಹಿಡಿದೀತು? ಎಂಬತ್ತರ ದಶಕದ ಮಹೀಂದ್ರಾ ಜೀಪುಗಳನ್ನು ಇಂದಿಗೂ ದುಡಿಸುತ್ತಿರುವ ಕೊಡಗಿಗೆ ಈ ಪ್ರಶ್ನೆ ದಿಲ್ಲಿಯಷ್ಟು ದೂರದ್ದಲ್ಲ. ‘ನಮ್ಮದು ಹಳೆಯದಾದರೂ ಗಟ್ಟಿ’ ಎಂದು ಮಡಿಕೇರಿಯ ಆರ್‌ಟಿಓ ಮುಂದೆ ವಾದಿಸಲು ಹೋಗುವವರು, ಗಟ್ಟಿಯಾಗಿ ಇಟ್ಟದ್ದು ಹೇಗೆ ಎಂಬುದನ್ನು ವರ್ಷ ವರ್ಷದ ನಮೂದಿನೊಂದಿಗೆ ತೋರಿಸಬೇಕಾದೀತು.