ಭಾನುವಾರದ ತೇರು

ಬೆಂಕಿಗೆ ಸಿಕ್ಕು ಐದು ವರ್ಷಕ್ಕೂ ಮಿಕ್ಕಿ ಮುಚ್ಚಿದ್ದ ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ಬಾಗಿಲು 2024ರ ಡಿಸೆಂಬರ್ 7ರ ಶನಿವಾರ ತೆರೆಯಿತು; ಮರುದಿನ ಭಾನುವಾರ ಹೊಸ ಪೂಜಾಪೀಠದ ಪ್ರತಿಷ್ಠೆಯಾಯಿತು. ಆ ಕಟ್ಟಡದ ಒಡೆತನ ಪಾದ್ರಿಗಳದಲ್ಲ, ಸರಕಾರದ್ದು. ಧರ್ಮವನ್ನೂ ರಾಜ್ಯವನ್ನೂ ಬೇರ್ಪಡಿಸಿದ ಫ್ರಾನ್ಸಿನ ಶಾಸನ 1905ರದು. ವಿಚಿತ್ರವೆಂದರೆ, ಮರುವರ್ಷ ಜುಲೈ 13ರಂದು ಅದೇ ಗಣರಾಜ್ಯ ಭಾನುವಾರವನ್ನು ದುಡಿಯುವವರ ವಿಶ್ರಾಂತಿಯ ದಿನವೆಂದು ವಿಧಿಸಿತು. ಇದು ಚರ್ಚಿಗೆ ಸಂದ ಕಾಣಿಕೆಯಲ್ಲ. ಕೂಲಿಗಾರರು ಕೇಳಿ ಪಡೆದದ್ದು.

ನಮ್ಮಲ್ಲಿಯೂ ಭಾನುವಾರದ ರಜೆ ಬಿಳಿಯರ ದೇವರೊಡನೆ ಬಂದುದೆಂದು ಅನೇಕರ ಎಣಿಕೆ. ಅದು ಅರ್ಧ ನಿಜ. ಮುಂಬಯಿಯ ಗಿರಣಿ ಕೆಲಸಗಾರರಿಗೆ 1890ರಲ್ಲಿ ವಾರದ ರಜೆ ದೊರಕಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಭಾನುವಾರ ಖಂಡೋಬನ ದಿನ ಎಂಬುದು ಅವರು ಮುಂದಿಟ್ಟ ಕಾರಣಗಳಲ್ಲಿ ಒಂದೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮರಾಠಿಗರ ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯೊಳಗೆ, ಕಂಬಳಿ ಹೊದ್ದ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ನೆರೆಯುವ ಜನಕ್ಕೆ ಈ ನಂಟು ತಿಳಿದರೆ ಅಚ್ಚರಿಯೇನೂ ಆಗಲಾರದು!

ಹೀಗೆ ಬಂದ ಬಿಡುವಿನೊಳಗೆ ಇಂದು ಪರದೇಶದಲ್ಲಿರುವವರ ಇಡಿಯ ಸಮಾಜಜೀವನ ಅಡಗಿದೆ. ಪ್ಯಾರಿಸ್ಸಿನ ಲಾ ಶಾಪೆಲ್ ಬಡಾವಣೆಯಲ್ಲಿ ವಲಸೆ ಹೋದ ತಮಿಳರು ನೆಚ್ಚಿಕೊಂಡಿರುವ ಮಾಣಿಕ್ಯ ವಿನಾಯಕರ ಗುಡಿಯೊಂದುಂಟು, 1985ರಲ್ಲಿ ಸ್ಥಾಪಿತವಾದದ್ದು. ಅದರ ತೇರು ಬೀದಿಗಿಳಿಯುವುದು ಚವತಿಯ ಆಸುಪಾಸಿನ ಭಾನುವಾರ. ಇಂಗ್ಲೆಂಡು, ಅಮೆರಿಕಗಳ ಕನ್ನಡಿಗರ ಯುಗಾದಿಯೂ ಬಹುಮಟ್ಟಿಗೆ ಪಂಚಾಂಗದ ಪಾಡ್ಯವನ್ನು ಬಿಟ್ಟು ಹತ್ತಿರದ ಶನಿವಾರವನ್ನೇ ಹಿಡಿಯುತ್ತದೆ. ಮಕ್ಕಳ ಕನ್ನಡ ಪಾಠ, ಹಾಡು, ನಾಟಕ, ಊಟ, ವಧೂವರರ ಮಾತು, ಸಂಘದ ಚುನಾವಣೆಯ ಜಗಳ ಎಲ್ಲವೂ ಆ ಎರಡು ದಿನಗಳಲ್ಲಿ ನಡೆದುಹೋಗಬೇಕು. ಊರಿನಲ್ಲಿ ವರ್ಷವಿಡೀ ಹರಡಿಕೊಂಡಿದ್ದ ಬಾಳು ಅಲ್ಲಿ ವಾರದ ಕೊನೆಗೆ ಮಡಚಿಕೊಂಡಿದೆ.

ತಿಥಿಯನ್ನು ಸರಿಸಿದರೆಂದು ಅವರನ್ನು ಹಳಿಯುವವರ ಪಂಕ್ತಿಗೆ ನಾನು ಸೇರೆನು. ಸರಿಸದಿದ್ದರೆ ಹಬ್ಬವೇ ಇಲ್ಲ, ಹಬ್ಬವಿಲ್ಲದಿದ್ದರೆ ಮಕ್ಕಳ ಬಾಯಲ್ಲಿ ಉಳಿದ ನಾಲ್ಕು ಕನ್ನಡ ಮಾತೂ ಇಲ್ಲ. ಕಳೆದುಹೋಗುವ ವಸ್ತು ಬೇರೆ: ಕರೆಯದೆ ಬರುವ ಮನುಷ್ಯ. ಬಾಡಿಗೆಯ ಸಭಾಭವನಕ್ಕೆ ಸದಸ್ಯತ್ವ ಬೇಕು, ಟಿಕೆಟ್ಟು ಬೇಕು, ಎಷ್ಟು ಎಲೆ ಹಾಕಬೇಕೆಂಬ ಲೆಕ್ಕ ಮುಂಚೆಯೇ ಬೇಕು. ಕೊಟ್ಟೂರಿನ ಗುರು ಬಸವೇಶ್ವರನ ತೇರು ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದಾಗ ಹೊರಡುತ್ತದೆ. ಆ ದಿನ ಮಂಗಳವಾರವಾದರೆ ಮಂಗಳವಾರ. ದಾವಣಗೆರೆಯ ಕಡೆಯಿಂದ ಹರಪನಹಳ್ಳಿಯ ಹಾದಿ ಹಿಡಿದು ನಡೆದುಬರುವವರಿಗೆ ದಾರಿಯುದ್ದಕ್ಕೂ ಹಳ್ಳಿಗರು ಅನ್ನವಿಕ್ಕುತ್ತಾರೆ. ತಿನ್ನುವವನ ಹೆಸರನ್ನು ಯಾರೂ ಕೇಳುವುದಿಲ್ಲ. 2017ರಲ್ಲಿ ಆ ತೇರು ಉರುಳಿಬಿತ್ತು. ಮರುವರ್ಷ ಹೊಸ ತೇರು ಬಂದಿತು, ನಕ್ಷತ್ರ ಮಾತ್ರ ಬದಲಾಗಲಿಲ್ಲ.

ಆದರೆ ಈ ಸೀಮೆಯಲ್ಲಿ ಊರು ಬಿಡುವವರೆಲ್ಲ ವಿಮಾನ ಹತ್ತುವವರಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಊರು ತಾಂಡಾಗಳಿಂದ ಗುಳೆ ಹೋಗುವ ಸಂಸಾರಗಳು ಮಲೆನಾಡಿನ ಕಾಫಿ ತೋಟಗಳಲ್ಲಿ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಬಿಡಾರ ಹೂಡುತ್ತವೆ. ಅವರೂ ಪರಸ್ಥಳದವರೇ. ದಿನಗೂಲಿಯವನಿಗೆ ಭಾನುವಾರವೆಂದರೆ ಕೂಲಿಯಿಲ್ಲದ ದಿನ. ಅವರ ಮಕ್ಕಳಿಗಾಗಿ ಶನಿವಾರದ ಪಾಠಶಾಲೆ ತೆರೆದ ಸಂಘವನ್ನು ನಾನು ಕಂಡಿಲ್ಲ. ಕೊಟ್ಟೂರಿನ ತೇರಿಗೆ ಬರಬೇಕಾದರೆ ಅವರು ಎರಡು ಮೂರು ದಿನದ ಕೂಲಿಯನ್ನು ಕಳೆದುಕೊಂಡು, ರಾತ್ರಿಯ ಬಸ್ಸಿನಲ್ಲಿ ನಿಂತು ಬರುತ್ತಾರೆ. ಉತ್ತತ್ತಿ ಬಾಳೆಹಣ್ಣು ತೇರಿಗೆ ಎಸೆದು, ಮರುದಿನದ ಬಸ್ಸಿಗೆ ತಿರುಗಿ ಹೋಗುತ್ತಾರೆ.