ಬೇಳೆ ಬೇಯದ ನೀರು ಕಾರಿನ ಗ್ಲಾಸಿಗೆ ಬ್ಯಾಡ

ನಮ್ಮ ದುರ್ಗದ ಕಡೆ ಬೋರ್ ನೀರಿನ ಗುಣ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ನೀರಲ್ಲಿ ತೊಗರಿಬೇಳೆ ಬೇಯಲ್ಲ, ಸೋಪಿಗೆ ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳೀ ಪೊರೆ ಕಟ್ಕಂತೈತೆ, ಕೊಡದ ತಳಕ್ಕೆ ಸುಣ್ಣ ಬಳಿದಂಗೆ ಆಗ್ತೈತೆ. ಇಷ್ಟೆಲ್ಲಾ ಗೊತ್ತಿರೋ ಮನೇಲೇ, ಕಾರಿನ ಮುಂದಿನ ಗ್ಲಾಸಿಗೆ ನೀರು ಚಿಮ್ಮಿಸೋ ಡಬ್ಬಿಗೆ ಮಾತ್ರ ಅಂಗಳದ ಪೈಪನ್ನೇ ನೇರ ಹಿಡೀತಾರೆ. ಯಾಕಪ್ಪಾ ಅಂದ್ರೆ, 'ನೀರು ನೀರೇ ಅಲ್ವೇನಕ್ಕಾ?' ಅಂತಾರೆ. ಅಲ್ಲಪ್ಪಾ. ಬೇಳೆಗೆ ಬ್ಯಾಡಾದ ನೀರು ಗ್ಲಾಸಿಗೂ ಬ್ಯಾಡ.

ಇನ್ನು ಕೆಲವರು ಆ ಡಬ್ಬಿ ಮುಚ್ಚಳ ತೆಗೆದೇ ಇಲ್ಲ. 'ಸರ್ವೀಸಿಗೆ ಬಿಟ್ಟಾಗ ಅವರೇ ತುಂಬ್ತಾರೆ ಬಿಡ್ರಿ' ಅನ್ನೋದು ಅವರ ವಾದ. ಸರ್ವೀಸು ವರ್ಷಕ್ಕೆ ಒಂದೋ ಎರಡೋ ಸಲ. ಧೂಳು ದಿನಾ. ಇಲ್ಲಿ ಗಾಳಿ ಎಷ್ಟು ಬೀಸ್ತೈತೆ ಅನ್ನೋದಕ್ಕೆ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಭೀಮಸಮುದ್ರದ ಕಡೆ ಅದಿರಿನ ಲಾರಿ ಹಿಂದೆ ಹೋದ್ರೆ ಕೆಂಪು ಪುಡಿ, ಹಿರಿಯೂರು ಸೀಮೇಲಿ ಹೊಲದ ಮಣ್ಣು, ಮಳೆಗಾಲದ ಸಂಜೆ ಹೊಳಲ್ಕೆರೆ ತೋಟದ ಸಾಲಿನಾಗೆ ಹುಳ ಬಡಿದು ಅಂಟು.

ನೀರಿಲ್ಲದೆ ಒಣ ವೈಪರ್ ಆಡಿಸಿದ್ರೆ ಏನಾಗ್ತೈತೆ? ಮರಳಿನ ಕಣ ಗಾಜಿಗಿಂತ ಗಟ್ಟಿ. ರಬ್ಬರಿನಡಿ ಸಿಕ್ಕಂಡು ಗಾಜನ್ನೇ ಗೀರ್ತೈತೆ. ಹಗಲಲ್ಲಿ ಆ ಗೀರು ಕಾಣಲ್ಲ. ರಾತ್ರಿ ಹೊಸದುರ್ಗದ ರಸ್ತೇಲಿ ಎದುರಿನ ಗಾಡಿ ಹೈಬೀಮ್ ಹಾಕಿದಾಗ ಒಂದೊಂದು ಗೀರೂ ಬೆಳಕು ಚೆಲ್ಲಿ, ಮುಂದೆ ದಾಟ್ತಾ ಇರೋ ಮನುಷ್ಯನ್ನ ಮುಚ್ಚಿಹಾಕ್ತೈತೆ. ಹೆದ್ದಾರಿ 48ರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇದ್ದೀರಿ, ಮುಂದಿನ ಲಾರಿ ಕೆಸರು ಎರಚ್ತು ಅಂದ್ಕಳ್ರಿ. ಸೆಕೆಂಡಿಗೆ 22 ಮೀಟರ್ ಓಡ್ತೀರಿ. ಎರಡೇ ಸೆಕೆಂಡ್ ಕಣ್ಣಿಗೆ ಏನೂ ಕಾಣದಿದ್ರೆ 44 ಮೀಟರ್ ಕುರುಡು ಪಯಣ. ಕಾರಿನಾಗೆ ಕೂತಿರೋರು ಬರೀ ಡ್ರೈವರ್ ಅಲ್ಲ, ನಮ್ಮ ಮಕ್ಕಳು ಮರಿ.

ಸರಿ, ಬೋರ್ ನೀರಾದ್ರೂ ಖಾಲಿಗಿಂತ ಮೇಲಲ್ವಾ ಅಂತೀರ? ದಾರೀಲಿ ಮುಗಿದುಹೋದ್ರೆ ಮೇಲೇ, ಒಪ್ಕಂತೀನಿ. ಆದ್ರೆ ಅದನ್ನೇ ರೂಢಿ ಮಾಡ್ಕಬ್ಯಾಡ್ರಿ. ಹೊಸದುರ್ಗದ ತೆಂಗಿನ ತೋಟದೋರನ್ನ ಕೇಳ್ರಿ: ಡ್ರಿಪ್ ಪೈಪಿನ ತೂತು ಉಪ್ಪು ಕಟ್ಕಂಡು ಮುಚ್ಚಿದ್ರೆ ಆಸಿಡ್ ಬಿಡಿಸಿ ತೊಳೀತಾರೆ. ಬಾನೆಟ್ ಹತ್ರ ನೀರು ಚಿಮ್ಮೋ ತೂತೂ ಸಣ್ಣದು. ಒಂದು ದಿನ ಅದೂ ಮುಚ್ತೈತೆ. ಗ್ಲಾಸಿನ ಮೇಲೆ ಒಣಗಿದ ಹನಿ ಬಿಳೀ ಕಲೆ ಬಿಡ್ತೈತೆ, ಬಿಸಿಲಿಗೆ ಆ ಕಲೆ ಸುಟ್ಟಂಗೆ ಕೂತ್ಕಂತೈತೆ.

ನ್ಯಾಯವಾದ ಒಂದು ತಕರಾರು ಐತೆ. 'ಕುಡಿಯೋ ನೀರಿಗೆ ಸಾಲು ನಿಲ್ಲೋ ಜಿಲ್ಲೇಲಿ ಕಾರಿಗೆ ಫಿಲ್ಟರ್ ನೀರಾ?' ಅಂತ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ನೀರಿನ ಬೆಲೆ ಗೊತ್ತಿಲ್ಲದೆ ಹೇಳ್ತಿಲ್ಲ. ಆದ್ರೆ ಆ ಡಬ್ಬಿ ಹಿಡಿಯೋದೇ ಎರಡರಿಂದ ನಾಲ್ಕು ಲೀಟರ್, ತುಂಬಿದ್ರೆ ಎಷ್ಟೋ ದಿನ ಬರ್ತೈತೆ. ಭಾನುವಾರ ಪೈಪ್ ಹಿಡಿದು ಕಾರು ತೊಳೆಯೋನು ಚರಂಡಿಗೆ ಬಿಡೋ ನೀರಿನ ಮುಂದೆ ಇದು ಯಾವ ಲೆಕ್ಕ? ಅದೂ ಮನಸ್ಸಿಗೆ ಬರದಿದ್ರೆ ಮಳೆನೀರು ಹಿಡೀರಿ. ಮೊದಲ ಮಳೆ ಮಾಡು ತೊಳಕಂಡು ಹೋಗ್ಲಿ, ಎರಡನೇದನ್ನ ಹಿಡಿದು ಬಟ್ಟೇಲಿ ಸೋಸಿದ್ರೆ ಸುಣ್ಣದ ಕಾಟವೇ ಇಲ್ಲ.

ಬರೀ ನೀರೂ ಸಾಲದು. ಬಿಸಿ ಬಾನೆಟ್ ಕೆಳಗೆ ನಿಂತ ನೀರು ಪಾಚಿ ಕಟ್ತೈತೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಲೀಜನೇರ್ಸ್ ಅನ್ನೋ ನ್ಯುಮೋನಿಯಾ ಬಂದೋರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ, ಡಬ್ಬಿಗೆ ವಾಷರ್ ಲಿಕ್ವಿಡ್ ಹಾಕದೆ ಬರೀ ನೀರು ತುಂಬೋರಿಗೆ ಅಪಾಯ ಹೆಚ್ಚು ಅಂತ ಕಂಡ್ಕಂತು. ಅಂಗಡೀಲಿ ಸಿಗೋ ವಾಷರ್ ಲಿಕ್ವಿಡ್ ಬಾಟಲಿ ಮೇಲೆ ಬರೆದಷ್ಟು ಬೆರೆಸ್ರಿ. ತಲೆಗೆ ಹಾಕೋ ಶಾಂಪು ಬ್ಯಾಡ, ಬಟ್ಟೆ ಸೋಪಿನ ಪುಡಿ ಬ್ಯಾಡ. ನೊರೆ ಉಳಿದು ಗ್ಲಾಸು ಮಬ್ಬಾಗ್ತೈತೆ.

ತುಂಬೋದು ಐದು ನಿಮಿಷದ ಕೆಲಸ. ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಬಾನೆಟ್ ಎತ್ರಿ. ಗ್ಲಾಸು, ಚಿಮ್ಮೋ ನೀರಿನ ಚಿತ್ರ ಇರೋ ಮುಚ್ಚಳ ಹುಡುಕ್ರಿ. ಪಕ್ಕದಾಗಿರೋ ಕೂಲೆಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ ಮುಟ್ಟಬ್ಯಾಡ್ರಿ. ಕೂಲೆಂಟ್ ಮುಚ್ಚಳ ಬಿಸೀಲಿ ತೆಗೆದ್ರೆ ಮುಖ ಸುಡ್ತೈತೆ. ಲಾಳಿಕೆ ಇಟ್ಟು ಹೊಯ್ದು, ಒಂದ್ಸಲ ಚಿಮ್ಮಿಸಿ ನೋಡ್ರಿ. ನೀರು ಬರದಿದ್ರೆ ಸ್ವಿಚ್ ಹಿಡ್ಕಂಡೇ ಇರಬ್ಯಾಡ್ರಿ, ಮೋಟರ್ ಸುಟ್ಟೀತು.

ಇದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಕುಡಿಯೋ ನೀರಿನ ಕ್ಯಾನು ಖಾಲಿ ಆಯ್ತಾ ಅಂತ ನೋಡೋ ಕಣ್ಣು ಸಾಕು, ಅದು ಗಂಡಸಿಂದಾದ್ರೂ ಸೈ, ಹೆಂಗಸಿಂದಾದ್ರೂ ಸೈ. ಆಯುಧಪೂಜೆಗೆ ಕಾರಿನ ಮುಂದೆ ಬೂದುಗುಂಬಳ ಒಡೀತೀವಿ, ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ, ಗ್ಲಾಸಿಗೆ ವಿಭೂತಿ ಬಳೀತೀವಿ. ಒಳ್ಳೇದು, ಮಾಡ್ರಿ. ಅವತ್ತೇ ಬಾನೆಟ್ಟೂ ಎತ್ತಿ ಆ ಡಬ್ಬೀಲಿ ನೀರೈತಾ ನೋಡ್ರಿ. ಆಮೇಲೆ ತಿಂಗಳಿಗೊಂದ್ಸಲ ನೋಡ್ತಾ ಇರ್ರಿ.