ತಕ್ಕಡಿಗೆ ಸಿಗದ ಗುಣ
ಪುಣೆಯನ್ನು ಬಿಟ್ಟು ಭಾರತದ ಬ್ರಾಯ್ಲರ್ ಕೋಳಿಯ ಚರಿತ್ರೆ ಹೇಳಲಾಗದು. ಡಾ. ಬಿ.ವಿ. ರಾವ್ 1971ರಲ್ಲಿ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ ಮುಂದೆ ಪುಣೆಯಲ್ಲಿ ನೆಲೆ ನಿಂತು, ಅಮೆರಿಕದ ಕಾಬ್ ತಳಿಯನ್ನು ನಮ್ಮ ಬಿಸಿಲಿಗೆ ಒಗ್ಗಿಸಿ ವೆನ್‌ಕಾಬ್ ಎಂದು ಊರೂರಿಗೆ ಮುಟ್ಟಿಸಿತು. ಹಬ್ಬಕ್ಕೋ ನೆಂಟರು ಬಂದಾಗಲೋ ಕೊಯ್ಯುತ್ತಿದ್ದ ಕೋಳಿ ವಾರದ ಅಡುಗೆಯಾಯಿತು. ಕೂಲಿಯವರ ಮಕ್ಕಳಿಗೂ ಮಾಂಸ ಸಿಕ್ಕಿತು. ಇದು ಸಣ್ಣ ಸಾಧನೆಯಲ್ಲ.

ಈ ಬೆಳವಣಿಗೆಯ ಹಿಂದಿರುವುದು ತಳಿ ಆಯ್ಕೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಫೀಡ್ ಹಾಕಿ ಸಾಕಿದರು. 56ನೇ ದಿನ ಅವು ತೂಗಿದ್ದು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ.

ಬರೀ ತೂಕ ನೋಡಿ ಆರಿಸುತ್ತಿದ್ದ ಕಾಲದಲ್ಲಿ ಹೊಟ್ಟೆಯೊಳಗಿನ ಕೊಬ್ಬೂ ಬೆಳೆಯಿತು. ನಮ್ಮ ಅಂಗಡಿಗಳಲ್ಲಿ ಚರ್ಮ ಸುಲಿದೇ ಕೊಡುವುದು ರೂಢಿ. ಚರ್ಮದಡಿಯ ಕೊಬ್ಬು, ಹೊಟ್ಟೆಯ ಕೊಬ್ಬು ಎರಡೂ ಕಸಕ್ಕೆ. ಅಷ್ಟೂ ರೈತ ದುಡ್ಡು ಕೊಟ್ಟು ತಂದ ಮೆಕ್ಕೆಜೋಳ, ಸೋಯಾ. ಸಾಕಣೆಯ ಖರ್ಚಿನಲ್ಲಿ ಹೆಚ್ಚಿನ ಪಾಲು ಫೀಡಿನದೇ. ಮಾಂಸಕ್ಕಿಂತ ಕೊಬ್ಬು ಕಟ್ಟಲು ಹೆಚ್ಚು ಫೀಡ್ ಬೇಕಾಗುವುದರಿಂದ, ಕಡಿಮೆ ತಿಂದು ಹೆಚ್ಚು ಬೆಳೆಯುವ ಕೋಳಿಯನ್ನು ಆರಿಸತೊಡಗಿದ ಮೇಲೆ ಕೊಬ್ಬು ತಾನಾಗಿ ಇಳಿಯಿತು. ಕೊಬ್ಬು ವಂಶದಲ್ಲಿ ಬಲವಾಗಿ ಹರಿಯುವ ಗುಣ. ಫ್ರಾನ್ಸಿನ ಸಂಶೋಧಕರು ಒಂದೇ ಮೂಲದ ಕೋಳಿಗಳಿಂದ ಕೆಲವೇ ತಲೆಮಾರುಗಳಲ್ಲಿ ಕೊಬ್ಬಿದ ವಂಶ, ತೆಳು ವಂಶ ಎಂದು ಎರಡು ಕವಲು ಬೇರ್ಪಡಿಸಿದ್ದರು.

ಆದರೆ ಮಾಂಸದ ಗುಣ? ಈಚಿನ ವರ್ಷಗಳಲ್ಲಿ ವೇಗದ ತಳಿಗಳ ಎದೆಮಾಂಸದಲ್ಲಿ ಬಿಳಿ ಗೆರೆಗಳು, ಮರದಂಥ ಗಡಸುತನ ಜಗತ್ತಿನಾದ್ಯಂತ ಕಾಣಿಸಿಕೊಂಡಿವೆ. ಸ್ನಾಯು ಊದುವ ವೇಗಕ್ಕೆ ರಕ್ತ ಪೂರೈಕೆ ಸಾಲದಿರುವುದು ಇದಕ್ಕೊಂದು ಕಾರಣವೆನ್ನುತ್ತಾರೆ. ಇನ್ನೂ ನೋಯಿಸುವ ಸಂಗತಿ ಬ್ರಾಯ್ಲರ್ ಮರಿಗಳನ್ನು ಹೆತ್ತ ಕೋಳಿಗಳದು. ಮರಿಗಳಿಗೆ ದಾಟಿಸಿದ ಅದೇ ಹಸಿವು ಅವುಗಳಿಗೂ ಇದೆ. ಹೊಟ್ಟೆ ತುಂಬ ತಿಂದರೆ ಕೊಬ್ಬಿ ಮೊಟ್ಟೆ ಕುಗ್ಗುತ್ತದೆಂದು ಅವಕ್ಕೆ ಅಳೆದು ಹಾಕುತ್ತಾರೆ. ಅರೆಹೊಟ್ಟೆಯಲ್ಲೇ ಅವು ಬಾಳಬೇಕು. ಇದನ್ನು ಒಪ್ಪಿಕೊಳ್ಳಲು ನಮಗೆ ಸಾಧ್ಯವಿಲ್ಲ.

ತಳಿ ಕಟ್ಟುವವರನ್ನಷ್ಟೇ ದೂರಿ ಫಲವಿಲ್ಲ. ವ್ಯಾಪಾರಿ ರೈತನಿಗೆ ಕೊಡುವುದು ಜೀವಂತ ಕೋಳಿಯ ಕಿಲೋ ದರ. ಎಳಸು, ಬಿಗಿ, ರಸ ಯಾವುದಕ್ಕೂ ಆ ದರದಲ್ಲಿ ಜಾಗವಿಲ್ಲ. ಅದೇ ಪುಣೆಯಲ್ಲಿ ಗಾವರಾನ್ ಎನ್ನುವ ನಾಟಿ ಕೋಳಿಗೆ, ನಮ್ಮಲ್ಲಿ ಜವಾರಿಗೆ, ಜನ ಹೆಚ್ಚು ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಗುಣಕ್ಕೆ ಗಿರಾಕಿ ಇದ್ದಾನೆ. ಹಿತ್ತಲಿಗೆ ಒಗ್ಗುವ ಗಿರಿರಾಜ ತಳಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದಾಗ ತೂಕದ ಜೊತೆ ಗಟ್ಟಿತನವನ್ನೂ ಲೆಕ್ಕಕ್ಕೆ ಹಿಡಿದಿದ್ದರು.

ಸಾರಿಗೆ, ಸುಕ್ಕಾಕ್ಕೆ, ಬಿರಿಯಾನಿಗೆ ಹೊಂದುವ ಮಾಂಸ ಎಂಥದ್ದೆಂದು ಅಳೆದು, ಅದನ್ನು ಆಯ್ಕೆಯ ಅಂಕಗಳಲ್ಲಿ ಸೇರಿಸುವ ಕೆಲಸ ಪುಣೆಯ ತಳಿ ಕೇಂದ್ರಗಳಿಂದ ಶುರುವಾಗಲಿ. ಊರುಳಿಕಾಂಚನದಲ್ಲಿ ರಾವ್ ಅವರ ಹೆಸರಿನ ಕೋಳಿ ಸಾಕಣೆ ಸಂಸ್ಥೆಯೇ ಇದೆ. ಅಲ್ಲಿ ಕಲಿಯಲು ಬರುವವರ ಕೈಗೆ ಫೀಡಿನ ಲೆಕ್ಕದ ಜೊತೆ ಮಾಂಸದ ಲೆಕ್ಕವನ್ನೂ ಕೊಡಬೇಕು.